ಹದಿನಾಲ್ಕನೆಯ ಬಿಲ್ಲೆ

ಒಂಬತ್ತಕ್ಕೆ ಫೋನು ಮಾಡಿದ್ದೆ. ಒಂಬತ್ತೂ ಇಪ್ಪತ್ತಕ್ಕೆ ಊರಿನ ಜನ ದಿಬ್ಬದ ಮೇಲಿನ ಶಾಲೆಯ ಅಂಗಳಕ್ಕೆ ಬಂದು ಸೇರಬೇಕಿತ್ತು. ಒಂಬತ್ತೂ ನಲವತ್ತಾದರೂ ಒಂದು ಮೇಕೆಯ ಹೊರತು ಯಾರೂ ಬರಲಿಲ್ಲ. ನಾನು ಟಿಪ್ಪಣಿ ಪುಸ್ತಕ ತೆಗೆದು ವೇಳೆ ಬರೆದೆ, ಮುಂದೆ ‘ಹಾಜರಿ ಇಲ್ಲ’ ಎಂದು ಬರೆದೆ, ಪೆನ್ನು ಜೇಬಿಗಿಟ್ಟು ಊರೊಳಗೆ ಇಳಿದೆ.

ಊರು ಅಫಜಲಪುರ ತಾಲ್ಲೂಕಿನದು, ಸೊನ್ನದ ಬ್ಯಾರೇಜಿನ ಕೆಳಗೆ ಭೀಮಾ ನದಿಯ ದಂಡೆಯಲ್ಲಿದೆ. ಮೇಲಿನ ಅಣೆಕಟ್ಟುಗಳು ತುಂಬಿ, ಸೊನ್ನದ ಗೇಟುಗಳು ತೆರೆದರೆ, ತಗ್ಗಿನ ಓಣಿಗಳಿಗೆ ಕೆಲವೇ ತಾಸುಗಳಲ್ಲಿ ನೀರು ನುಗ್ಗುತ್ತದೆ. ತಾಲ್ಲೂಕು ಕಚೇರಿಯಿಂದ ಎಚ್ಚರಿಕೆ ಬರುತ್ತದೆ, ಆದರೆ ಆ ಎಚ್ಚರಿಕೆ ಪಂಚಾಯಿತಿಯ ಗೋಡೆಯಿಂದ ಮನೆಯ ಹೊಸ್ತಿಲವರೆಗೆ ನಡೆದು ಹೋಗುವುದಿಲ್ಲ. ಅದನ್ನು ನಡೆಸಿಕೊಂಡು ಹೋಗುವುದು ನಮ್ಮ ಸಂಸ್ಥೆಯ ಕೆಲಸ. ಸಂಸ್ಥೆ ಎಂದರೆ ಅಫಜಲಪುರದಲ್ಲಿ ಬಾಡಿಗೆಯ ಒಂದು ಕೋಣೆ, ಒಬ್ಬಳು ಕಾರ್ಯದರ್ಶಿ, ನಾಲ್ಕಾರು ಸ್ವಯಂಸೇವಕರು. ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರನಾಗಿದ್ದವನು ನಾನು. ಸಂದೇಶ ಕಳಿಸುವ ಕೆಲಸ ನನಗೆ ಗೊತ್ತು ಎಂದು ಅವರು ನಂಬಿದ್ದರು. ನಾನೂ ನಂಬಿದ್ದೆ.

ಊರಲ್ಲಿ ನಮ್ಮ ಸಂದೇಶ ಹಿಡಿಯುವವಳು ಹಿಟ್ಟಿನ ಗಿರಣಿ ನಡೆಸುವ ಹೆಣ್ಣುಮಗಳು. ಊರಿಗೆಲ್ಲ ಆಕೆ ‘ಗಿರಣಿ ಅಕ್ಕ’. ಹಗಲೆಲ್ಲ ಒಂದೇ ಜಾಗದಲ್ಲಿರುತ್ತಾಳೆ, ಎಲ್ಲ ಮನೆಯವರೂ ಅಲ್ಲಿಗೆ ಬರುತ್ತಾರೆ, ಗಿರಣಿಯ ಸದ್ದು ಮೀರಿ ಕೂಗಿ ಆಕೆಯ ದನಿಯೂ ಗಟ್ಟಿಯಾಗಿದೆ. ಬೆಳಿಗ್ಗೆ ನಾನು ಆಕೆಗೆ ಹೇಳಿದ್ದು ಇಷ್ಟೇ: “ಸೊನ್ನದಿಂದ ನೀರು ಬಿಟ್ಟಿದ್ದಾರೆ. ಎಲ್ಲರಿಗೂ ತಿಳಿಸಿ.” ಆಕೆ “ಆತ್ರಿ” ಎಂದು ಫೋನು ಇಟ್ಟಿದ್ದಳು.

ಗಿರಣಿಯಲ್ಲಿ ಯಾರೂ ಇರಲಿಲ್ಲ. ಓಣಿಯಲ್ಲೂ ಇರಲಿಲ್ಲ. ಎಲ್ಲರೂ ಸಿಕ್ಕಿದ್ದು ನದಿಯಲ್ಲಿ.

ಬೇಸಿಗೆ ಇನ್ನೂ ಮುಗಿದಿರಲಿಲ್ಲ. ನದಿ ಬತ್ತಿ ಅಲ್ಲಲ್ಲಿ ಮಡುಗಳಾಗಿ ನಿಂತಿತ್ತು. ಆ ಮಡುಗಳಿಗೆ ಮೂವತ್ತು ಗಂಡಸರು ತುದಿಗೆ ಫುಟ್‌ವಾಲ್ವ್ ಬಿಗಿದ ಪೈಪು ಇಳಿಬಿಟ್ಟು, ಮೋಟರುಗಳ ಮುಂದೆ ಮದುವೆಗೆ ಬಂದವರ ಹಾಗೆ ಕಾಯುತ್ತಿದ್ದರು. ತಿಂಗಳಿನಿಂದ ಕಬ್ಬು ಒಣಗುತ್ತಿದ್ದ ಊರಿಗೆ ‘ನೀರು ಬಿಟ್ಟಾರ’ ಎಂಬುದಕ್ಕಿಂತ ಒಳ್ಳೆಯ ಸುದ್ದಿ ಇನ್ನೊಂದಿಲ್ಲ. ಆ ಮಾತು ಕೇಳಿದರೆ ನದಿಯಿಂದ ದೂರ ಓಡುವವನು ಆ ಊರಲ್ಲಿ ಹುಟ್ಟಿಯೇ ಇಲ್ಲ.

ಕಬ್ಬಿನ ಹೊಲದ ಒಬ್ಬ ರೈತ ಪೈಪಿನ ಮೇಲೆ ಕೂತಿದ್ದ. ನಲವತ್ತೈದರ ಆಸುಪಾಸು, ಚೂಪು ನಾಲಿಗೆ.

“ಬರ್ರಿ ಮಾಸ್ತರ್ರ,” ಎಂದ. “ನೀರು ಬಿಟ್ಟಾರ ಅಂದ್ರಿ. ಎಲ್ಲಿ ನಿಂತಾವ್ರಿ ನಿಮ್ಮ ನೀರು? ಹಾದ್ಯಾಗ ಚಾ ಕುಡ್ಯಾಕತ್ತಾವೇನು?”

“ಇದು ತಾಲೀಮಪ್ಪಾ. ಪ್ರವಾಹದ ತಾಲೀಮು. ವಾರದ ಹಿಂದೆ ಸಭೆಯಲ್ಲಿ ಹೇಳಿದ್ದೆವು.”

“ತಾಲೀಮು ಮಾಡೂದಿದ್ರ ಗರಡಿ ಮನಿಗೆ ಹೋಗ್ರಿ. ನಮ್ಮ ಜೋಡಿ ಯಾಕ ಕುಸ್ತಿ ಹಿಡೀತೀರಿ?”

ಮೂವತ್ತು ಜನ ನಕ್ಕರು. ನಗು ಮುಗಿದ ಮೇಲೆ ಅವರ ಮುಖದಲ್ಲಿ ಉಳಿದದ್ದು ಸಿಟ್ಟು. ಅದು ನ್ಯಾಯವಾಗಿಯೇ ಇತ್ತು.

ಗಿರಣಿಗೆ ಮರಳಿ ನಾನು ಅಕ್ಕನನ್ನು ಕೇಳಿದೆ, “ನೀವು ಆತ್ರಿ ಅಂದಿರಲ್ಲ?”

“ಆತ್ರಿ ಅಂದ್ರ ತಿಳೀತು ಅಂತ ಅಲ್ರಿ,” ಎಂದಳು ಆಕೆ, ಜೋಳದ ಹಿಟ್ಟು ಕೊಡವಿಕೊಳ್ಳುತ್ತ. “ನೀವು ಹಿರ್ಯಾರು, ಫೋನ್ ಇಡ್ರಿ, ಗಿರಣಿ ನಡದದ ಅಂತ.”

ತಪ್ಪು ನನ್ನದು. ರೈಲ್ವೆಯಲ್ಲಿ ಸಂದೇಶ ಕೇಳಿದವನು ಅದನ್ನು ಅಕ್ಷರ ಬಿಡದೆ ತಿರುಗಿ ಹೇಳಬೇಕು, ಹೇಳಿದ ಮೇಲೆ ಗುಟ್ಟಿನ ಒಂದು ಸಂಖ್ಯೆ ಕೊಡಬೇಕು. ಅಲ್ಲಿಯವರೆಗೆ ಸಂದೇಶ ಹೋಗಿಲ್ಲ ಎಂದೇ ಲೆಕ್ಕ. ಇಷ್ಟನ್ನು ದಿನಕ್ಕೆ ಹತ್ತಾರು ಸಲ ಮಾಡಿದವನು, ನಮ್ಮ ಮಂದಿಯ ನಡುವೆ ಬಂದೊಡನೆ ಒಂದು ‘ಆತ್ರಿ’ಯನ್ನು ನಂಬಿಬಿಟ್ಟಿದ್ದೆ.

ಮಳೆಗಾಲದ ಹೊತ್ತಿಗೆ ಇದನ್ನು ಸರಿಪಡಿಸಿದೆ. ಸಂದೇಶದ ಮಾತು ಬದಲಿಸಿದೆ: “ಹೊಳೆಗೆ ಹೋಗಬ್ಯಾಡ್ರಿ. ಸಾಲಿಗೆ ಬರ್ರಿ.” ಸಾಲಿ ಎಂದರೆ ದಿಬ್ಬದ ಮೇಲಿನ ಶಾಲೆ. ಗಿರಣಿ ಅಕ್ಕ ಗಿರಣಿ ನಿಲ್ಲಿಸಿ, ಪೂರ್ತಿ ಕೇಳಿ, ಪೂರ್ತಿ ತಿರುಗಿ ಹೇಳಬೇಕು. ಊರ ಸಭೆಯಲ್ಲಿ ನಾನು ನಿಯಮ ಓದಿದೆ: ಎಚ್ಚರಿಕೆ ಬಂದ ಮೇಲೆ ಯಾರೊಬ್ಬರೂ ದಂಡೆಗೆ ಇಳಿಯಬಾರದು.

ಚೂಪು ನಾಲಿಗೆಯ ರೈತ ಎದ್ದು ನಿಂತ. “ಮೋಟರ್?”

“ಜೀವ ದೊಡ್ಡದೋ ಮೋಟರ್ ದೊಡ್ಡದೋ?”

“ಜೀವ ನನ್ನೊಬ್ಬಂದ ಅದ ರೀ. ಮೋಟರ್ ಮೂರು ಮಂದಿ ಪಾಲಿಂದದ. ಹೊಳಿ ಪಾಲು ಮಾಡಿ ನಾ ಸಾಲ್ಯಾಗ ಕೂತ್ರ, ಇಬ್ಬರು ಅಣ್ಣತಮ್ಮರಿಗೆ ಏನಂತ ಮಾರಿ ತೋರಿಸ್ಲಿ?”

ನಾನು ನಿಯಮವನ್ನು ಎರಡನೆಯ ಸಲ ಓದಿ ಕುಳಿತುಬಿಟ್ಟೆ. ಉತ್ತರವಿಲ್ಲದಾಗ ನಿಯಮ ಓದುವುದು ನನ್ನ ಹಳೆಯ ಅಭ್ಯಾಸ.

ತಾರೀಖು ಹೇಳದೆ ಮಾಡಿದ ಎರಡನೆಯ ತಾಲೀಮು ಚೆನ್ನಾಗಿಯೇ ನಡೆಯಿತು. ಇಪ್ಪತ್ತೆರಡು ನಿಮಿಷದಲ್ಲಿ ಶಾಲೆಯ ಅಂಗಳ ತುಂಬಿತು. ಬಾಣಂತಿಯೊಬ್ಬಳು ಮಗುವಿನ ಸಮೇತ ಬಂದಳು, ನಡೆಯಲಾರದ ಮುದುಕರನ್ನು ಹೊತ್ತು ತಂದರು. ನಾನು ಖುಷಿಯಿಂದ ತಲೆ ಎಣಿಸಿ ಬರೆಯುತ್ತಿದ್ದಾಗ ಗಿರಣಿ ಅಕ್ಕ ಪಕ್ಕ ಬಂದು ನಿಂತಳು.

“ಎಣಿಕಿ ಛಲೋ ಅದ. ಅದರಾಗ ಗಂಡಸರು ಎಷ್ಟ ಅದಾರ ನೋಡ್ರಿ.”

ನೋಡಿದೆ. ಗಂಡಸರೆಂದು ಇದ್ದವರು ಹೊತ್ತು ತಂದ ಮುದುಕರು, ಅವರನ್ನು ಹೊತ್ತು ತಂದ ಐದಾರು ಜನ. ಆಕೆ ಗದ್ದ ಎತ್ತಿ ದಂಡೆಯ ಕಬ್ಬಿನ ಕಡೆ ತೋರಿಸಿದಳು. ಅಲ್ಲಿ ಹಗ್ಗ ಹೊತ್ತವರು ಕಬ್ಬಿನ ಮರೆಯಲ್ಲಿ ಒಬ್ಬೊಬ್ಬರಾಗಿ ನದಿಗೆ ಇಳಿಯುತ್ತಿದ್ದರು. ಮೊದಲ ಸಲ ಬಯಲಲ್ಲೇ ಹೋಗಿದ್ದರು, ಈ ಸಲ ಕದ್ದು ಹೋಗುತ್ತಿದ್ದರು. ನನ್ನ ನಿಯಮ ಸಾಧಿಸಿದ್ದು ಅಷ್ಟೇ. ನಿಜವಾದ ಪ್ರವಾಹ ಬಂದರೆ ದಂಡೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದು ನನಗೂ ತಿಳಿಯದು, ಅವರ ಹೆಂಡಂದಿರಿಗೂ ತಿಳಿಯದು.

ಆ ಸಂಜೆ ಗಿರಣಿಯ ಮುಂದಿನ ಕಟ್ಟೆಯ ಮೇಲೆ ಕೂತು ನಾನು ಆಕೆ ಕೆಲಸ ಮಾಡುವುದನ್ನು ನೋಡುತ್ತಿದ್ದೆ. ಕಾಳು ತಂದವರ ಡಬ್ಬಿ ಇಳಿಸಿಕೊಂಡು ಅವರ ಕೈಗೆ ಒಂದು ತಗಡಿನ ಬಿಲ್ಲೆ ಕೊಡುತ್ತಿದ್ದಳು, ಅದೇ ಅಂಕಿಯ ಇನ್ನೊಂದನ್ನು ಡಬ್ಬಿಯ ಮೇಲಿಡುತ್ತಿದ್ದಳು. ಎಣ್ಣೆಯ ಡಬ್ಬಿಯ ಮುಚ್ಚಳ ಕತ್ತರಿಸಿ ಮಾಡಿದ ಬಿಲ್ಲೆಗಳು. ಹಿಟ್ಟು ಒಯ್ಯುವಾಗ ಬಿಲ್ಲೆ ತಿರುಗಿ ಗೋಡೆಯ ಹಲಗೆಯ ಮೊಳೆಗೆ ಹೋಗುತ್ತಿತ್ತು. ಮೊಳೆ ಖಾಲಿ ಇದ್ದರೆ ಆ ಮನೆಯ ಹಿಟ್ಟು ಇನ್ನೂ ಗಿರಣಿಯಲ್ಲಿದೆ ಎಂದರ್ಥ. ಅಂಕಿಗಳ ಹೊರತು ಆಕೆಗೆ ಓದು ಬಾರದು, ಆದರೆ ಯಾರ ಹಿಟ್ಟೂ ಅದಲುಬದಲಾಗಿದ್ದಿಲ್ಲ.

ಒಂಟಿ ಹಳಿಯ ದಾರಿಯಲ್ಲಿ ನಾವು ಮಾಡುತ್ತಿದ್ದದ್ದೂ ಇದನ್ನೇ. ಚಾಲಕನ ಕೈಗೆ ಲೋಹದ ಗುಂಡು ಕೊಡದೆ ಗಾಡಿ ಮುಂದಿನ ಸ್ಟೇಷನ್ನಿನತ್ತ ಹೊರಡುವಂತಿಲ್ಲ. ಆ ಗುಂಡು ಅಲ್ಲಿಗೆ ಮುಟ್ಟುವವರೆಗೆ ಹಳಿ ಖಾಲಿ ಎಂದು ಯಾರೂ ಹೇಳುವಂತಿಲ್ಲ. ಗಾಡಿಯನ್ನು ಹಳಿಯ ಮೇಲೆ ಹೋಗಬೇಡ ಎಂದು ನಾವು ಯಾವತ್ತೂ ತಡೆದವರಲ್ಲ. ಎಣಿಸಿ ಕಳಿಸುತ್ತಿದ್ದೆವು, ಎಣಿಸಿ ಬರಮಾಡಿಕೊಳ್ಳುತ್ತಿದ್ದೆವು.

ನಿಯಮವನ್ನು ಹಿಂದಕ್ಕೆ ತೆಗೆದುಕೊಳ್ಳಲು ತೀರ್ಮಾನಿಸಿದೆ. ಕಾರ್ಯದರ್ಶಿ ಒಪ್ಪಲಿಲ್ಲ.

“ಹೊಳಿ ಬರೂಮುಂದ ಮಂದಿನ್ನ ನಾವೇ ಹೊಳಿಗೆ ಕಳಿಸಿದಂಗ ಆಗ್ತದಲ್ರಿ ಸರ್? ಏನರ ಆದ್ರ ಯಾರು ಉತ್ತರ ಕೊಡವ್ರು?”

“ನಾ ಕೊಡ್ತೀನವ್ವಾ. ಅವ್ರು ಹೋಗೂದು ಹೋಗ್ತಾರ. ಕದ್ದು ಹೋದವರನ್ನ ಹುಡುಕೂದ್ಕಿಂತ ಎಣಿಸಿ ಕಳಿಸೂದು ಛಲೋ.”

ಆಕೆ ಒಂದು ದಿನ ಯೋಚಿಸಿ ಒಪ್ಪಿದಳು.

ಸಂದೇಶವನ್ನು ಎರಡು ಮಾಡಿದೆವು. ಮೇಲಿನ ಅಣೆಕಟ್ಟುಗಳಿಂದ ಹೆಚ್ಚಿನ ನೀರು ಹೊರಟಿದೆ ಎಂದು ತಾಲ್ಲೂಕು ಕಚೇರಿ ತಿಳಿಸಿದೊಡನೆ ಹೋಗುವುದು ಮೊದಲನೆಯದು. ಸೊನ್ನದ ಗೇಟುಗಳನ್ನು ಎತ್ತುವಾಗ ಹೋಗುವುದು ಎರಡನೆಯದು. ಅವಕ್ಕೆ ಹೆಸರಿಟ್ಟವಳು ಗಿರಣಿ ಅಕ್ಕ: ಮೋಟರ್ ಎತ್ತಲು ‘ಮೋಟರ್ ಮಾತು’, ಮಂದಿ ಊರು ಬಿಡಲು ‘ಮಂದಿ ಮಾತು’. ‘ನೀರು ಬಿಟ್ಟಾರ’ ಎಂಬ ಮಾತನ್ನು ಎರಡರಿಂದಲೂ ತೆಗೆದುಹಾಕಿದೆವು.

ದಂಡೆಯ ಇಪ್ಪತ್ಮೂರು ಮೋಟರುಗಳಿಗೆ ಕೆಂಪು ಬಣ್ಣದಲ್ಲಿ ಅಂಕಿ ಬರೆದೆವು. ಇಪ್ಪತ್ಮೂರು ಬಿಲ್ಲೆ, ಇಪ್ಪತ್ಮೂರು ಮೊಳೆ. ದಂಡೆಗೆ ಇಳಿಯುವವನು ಗಿರಣಿಯಲ್ಲಿ ತನ್ನ ಮೋಟರಿನ ಬಿಲ್ಲೆ ಇಸಿದುಕೊಂಡು ಕೊರಳಿಗೆ ಹಾಕಿಕೊಳ್ಳಬೇಕು, ಮೇಲೆ ಬಂದವನು ತಾನೇ ಬಂದು ಮೊಳೆಗೆ ಹಾಕಬೇಕು. ಇನ್ನೊಬ್ಬರ ಕೈಯಲ್ಲಿ ಕಳಿಸುವಂತಿಲ್ಲ. ಅವನೊಡನೆ ಕೈಜೋಡಿಸಲು ಹೋದವರು ಅವನಿಗಿಂತ ಮೊದಲೇ ಮೇಲೆ ಬರಬೇಕು. ಕೆಲಸದ ಕ್ರಮವನ್ನೂ ಬರೆದೆವು: ಮೊದಲು ಲೈನ್‌ಮನ್ ಕರೆಂಟ್ ತೆಗೆಯಬೇಕು, ಆಮೇಲೆ ಸ್ಟಾರ್ಟರ್ ಪೆಟ್ಟಿಗೆ ಇಳಿಸಬೇಕು, ಪೈಪಿನ ಬೋಲ್ಟ್ ಬಿಚ್ಚಬೇಕು, ನಾಲ್ಕು ಜನ ಸೇರಿ ಹಗ್ಗದಿಂದ ಮೋಟರ್ ಎಳೆಯಬೇಕು. ಒಂದು ಮೋಟರಿಗೆ ಅರ್ಧ ತಾಸು. ಪೈಪು ಹೋದರೆ ಹೋಗಲಿ.

ದೊಡ್ಡ ಪ್ರವಾಹದಲ್ಲಿ ಶಾಲೆಯ ದಿಬ್ಬವೂ ನಡುಗಡ್ಡೆಯಾಗುತ್ತದೆ, ಹಾಗಾಗಿ ಜನರನ್ನು ಊರಾಚೆಗೇ ಒಯ್ಯಬೇಕಿತ್ತು; ಸಾಗಿಸುವ ಏರ್ಪಾಡು ಆಳಂದ ಕಡೆಯಿಂದ ಬಂತು. ಭೂಸನೂರಿನ ಒಬ್ಬ ಟ್ರ್ಯಾಕ್ಟರ್ ಮಾಲೀಕನ ಬಳಿ ಕಬ್ಬು ಸಾಗಿಸುವ ಮೂರು ಟ್ರ್ಯಾಕ್ಟರ್-ಟ್ರಾಲಿಗಳಿದ್ದವು. ಕಬ್ಬು ನುರಿಸುವ ಕಾಲ ಬರುವವರೆಗೆ ಅವು ಸುಮ್ಮನೆ ನಿಂತಿರುತ್ತವೆ.

“ಮಂದಿ ಅಲ್ಲೇನ್ರಿ? ಒಯ್ತೇನಿ,” ಎಂದ ಆತ. “ಕಬ್ಬಿಗಿಂತ ಹಗುರ. ಖರೇ ಹೇಳ್ಬೇಕಂದ್ರ ಕಬ್ಬು ಬಾಯಿ ಮಾಡಂಗಿಲ್ಲ, ಅದೊಂದೇ ಫರಕು.”

ಮೋಟರ್ ಮಾತು ಹೊರಟೊಡನೆ ಆತ ಟ್ರಾಲಿಗಳನ್ನು ಚೌಡಾಪುರಕ್ಕೆ ತಂದು ರಸ್ತೆಯ ಪಕ್ಕ ನಿಲ್ಲಿಸಬೇಕು, ಮಂದಿ ಮಾತಿಗೆ ಅಲ್ಲಿಂದ ಇಳಿಯಬೇಕು ಎಂದು ಗೊತ್ತು ಮಾಡಿದೆವು.

ಮಳೆಗಾಲದ ಕೊನೆಯಲ್ಲಿ, ಇನ್ನೇನು ಈ ವರ್ಷ ತಪ್ಪಿತು ಎಂದುಕೊಂಡ ವಾರದಲ್ಲಿ, ಅದು ಬಂತು.

ಬೆಳಿಗ್ಗೆ ಆರೂ ಮೂವತ್ತಕ್ಕೆ ನಾನು ಗಿರಣಿಗೆ ಫೋನು ಮಾಡಿದೆ. “ಮೋಟರ್ ಮಾತು.”

“ಮೋಟರ್ ಮಾತು. ಆರೂವರಿಗೆ ಕೇಳೇನಿ. ಬಿಲ್ಲಿ ಕೊಡಾಕತ್ತೇನಿ,” ಎಂದಳು. ಆತ್ರಿ ಎನ್ನಲಿಲ್ಲ.

ಏಳೂವರೆಗೆ ನಾನು ಊರು ಮುಟ್ಟಿದೆ. ಹಲಗೆಯ ಮೇಲೆ ಒಂದೂ ಬಿಲ್ಲೆ ಇರಲಿಲ್ಲ. ಮಳೆ ಹಿಡಿದಿತ್ತು. ಗಂಡಸರು ಗೊಬ್ಬರದ ಚೀಲ ಮಡಚಿ ಗೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ದಂಡೆಯಲ್ಲಿ ಕೆಲಸ ನಡೆಸಿದ್ದರು. ಒಂಬತ್ತರ ಹೊತ್ತಿಗೆ ಹಲಗೆಯಲ್ಲಿ ಎಂಟು ಬಿಲ್ಲೆ. ಹತ್ತಕ್ಕೆ ಹದಿನೈದು. ನಮ್ಮ ಅಂದಾಜಿನಂತೆ ಮಂದಿ ಮಾತು ಮಧ್ಯಾಹ್ನ ಎರಡಕ್ಕೆ ಬರಬೇಕಿತ್ತು. ಬಂದದ್ದು ಹತ್ತೂ ನಲವತ್ತಕ್ಕೆ.

ಅಕ್ಕ ಗಿರಣಿಯ ಬಾಗಿಲಲ್ಲಿ ನಿಂತು ತಗಡಿನ ಡಬ್ಬಿ ಬಡಿದಳು. ದಂಡೆಯವರು ಕೈಯಲ್ಲಿದ್ದ ಮೋಟರನ್ನು ಮುಗಿಸಿ ಮೇಲೆ ಬರತೊಡಗಿದರು. ಟ್ರಾಲಿಗಳು ಹನ್ನೊಂದೂವರೆಗೆ ಬಂದವು. ಮೊದಲ ಎರಡನ್ನು ಮುದುಕರು, ಹೆಂಗಸರು, ಮಕ್ಕಳಿಂದ ತುಂಬಿ ಕಳಿಸಿದೆ. ಊರ ಹೊರಗೆ ಹಳ್ಳದ ಮೇಲೆ ಒಂದು ತಗ್ಗು ಸೇತುವೆ ಇದೆ. ನದಿ ಏರಿದರೆ ಹಳ್ಳದ ನೀರು ಹಿಂದಕ್ಕೆ ಒತ್ತಿ ಅದು ಮುಳುಗುತ್ತದೆ. ಅದರ ಕಂಬಕ್ಕೆ ಕೆಂಪು ಗೆರೆ ಎಳೆದಿದ್ದೆವು. ಗೆರೆ ಮುಟ್ಟಿದರೆ ಟ್ರಾಲಿ ದಾಟುವಂತಿಲ್ಲ. ಅಲ್ಲಿ ನಿಂತಿದ್ದ ನಮ್ಮ ಸ್ವಯಂಸೇವಕ ಗೆರೆಗೆ ಇನ್ನೆಷ್ಟು ಉಳಿದಿದೆ ಎಂದು ಹತ್ತು ನಿಮಿಷಕ್ಕೊಮ್ಮೆ ಫೋನಿನಲ್ಲಿ ಹೇಳುತ್ತಿದ್ದ: ಒಂದು ಗೇಣು, ಒಂದು ಗೇಣು, ಆರು ಬೆರಳು.

ಅಕ್ಕ ಹಲಗೆಯನ್ನು ಗೋಡೆಯಿಂದ ಕಿತ್ತು ತಂದು ಮೂರನೆಯ ಟ್ರಾಲಿಯ ಬಳಿ ನಿಂತಿದ್ದಳು.

“ಇಪ್ಪತ್ತೆರಡು,” ಎಂದಳು. “ಹದಿನಾಲ್ಕು ಇಲ್ಲ.”

ಹದಿನಾಲ್ಕು ಚೂಪು ನಾಲಿಗೆಯ ರೈತನ ಮೋಟರು. ಅವನೊಡನೆ ಕೈಜೋಡಿಸಿದ್ದ ಮೂವರೂ ಟ್ರಾಲಿಯಲ್ಲಿದ್ದರು. ಮೋಟರೂ ದಿಬ್ಬದ ಮೇಲೆ ಬಂದಿತ್ತು, ನಾನೇ ಅಂಕಿ ನೋಡಿದ್ದೆ.

“ಬಂದಾನಲ್ರಿ,” ಎಂದ ಅವರಲ್ಲೊಬ್ಬ. “ಮೋಟರ್ ಬಂದ ಮ್ಯಾಲ ಅಂವ ಯಾಕ ಅಲ್ಲಿರ್ತಾನ? ಮುಂದಿನ ಟ್ರಾಲ್ಯಾಗ ಹೋಗಿರ್ಬೇಕು.”

ಅವನ ಹೆಂಡತಿಯೂ ಟ್ರಾಲಿಯಲ್ಲಿದ್ದಳು. “ಹೌದ್ರಿ ಮಾಸ್ತರ್ರ. ನಾನೇ ನೋಡೇನಿ. ಬಿಳಿ ಚೀಲದ ಗೊಪ್ಪಿ, ಗಿರಣಿ ಮುಂದ ಹಾದು ಹ್ವಾದ. ಹೊರಡ್ರಿ, ಮಕ್ಕಳು ಮುಂದ ಹೋಗ್ಯಾವ.”

ಮೂವತ್ತು ಬಾಯಿಗಳು ‘ಬಂದಾನ’ ಎನ್ನುತ್ತಿದ್ದವು. ಸೇತುವೆಯಿಂದ ಫೋನು ಬಂತು: ಐದು ಬೆರಳು.

ನಾನು ಹಲಗೆ ನೋಡಿದೆ. ಮೊಳೆ ಖಾಲಿ ಇತ್ತು. ಸ್ಟೇಷನ್ನಿನಲ್ಲಿದ್ದಾಗಲೂ ಹೀಗೇ ಗಾಡಿ ಬಂದಿರಬೇಕು, ಬಂದೇ ಇರುತ್ತದೆ ಎನ್ನುವವರು ಸುತ್ತ ನಿಂತಿರುತ್ತಿದ್ದರು. ಗುಂಡು ಕೈಗೆ ಬರುವವರೆಗೆ ನಾನು ಯಾರ ಮಾತನ್ನೂ ಗಾಡಿ ಎಂದು ಎಣಿಸಿದವನಲ್ಲ.

“ಇಲ್ಲ,” ಎಂದೆ. “ಬಿಲ್ಲೆ ಬಂದಿಲ್ಲ ಅಂದ್ರ ಮನುಷ್ಯ ಬಂದಿಲ್ಲ. ಯವ್ವಾ, ನೀ ನೋಡಿದ್ದು ಅವನ ಮಾರಿಯೋ, ಗೊಪ್ಪಿಯೋ?”

ಆಕೆ ತಿರುಗಿ ನೋಡಿದಳು. ಟ್ರಾಲಿಯ ಆ ತುದಿಯಲ್ಲಿ ಅವಳ ಮೈದುನ ಕುಳಿತಿದ್ದ. ತಲೆಯ ಮೇಲೆ ಬಿಳಿ ಚೀಲದ ಗೊಪ್ಪೆ.

“ನೀ ಏನೋ ತಮ್ಮಾ ಹಾದು ಬಂದಾಂವ?” ಎಂದಳು ಮೆಲ್ಲಗೆ.

“ನಾನೇ ಬೇ ವೈನಿ. ಅಣ್ಣ ಫುಟ್‌ವಾಲ್ವ್ ತರ್ತೇನಿ, ನೀ ನಡಿ ಅಂದ. ಹಿಂದಿಂದ ಬಂದಾನ ಅಂದ್ಕೊಂಡಿದ್ದೆ.”

ಆಮೇಲಿನದೆಲ್ಲ ಬೇಗ ಆಯಿತು. ಟ್ರಾಲಿಯಲ್ಲಿದ್ದವರನ್ನು ಅಪಾಯದಲ್ಲಿಟ್ಟು ಒಬ್ಬನಿಗಾಗಿ ಕಾಯುವ ಹಕ್ಕು ನನಗಿರಲಿಲ್ಲ. ಎಲ್ಲರನ್ನೂ ಇಳಿಸಿ, ಈಗಲೇ ನಡೆದು ಸೇತುವೆ ದಾಟಿ ಆಚೆ ನಿಲ್ಲಲು ಹೇಳಿದೆ. ನಡೆಯಲು ಆರು ನಿಮಿಷದ ದಾರಿ. ಭೂಸನೂರಿನವನು ನನ್ನ ಮಾತಿಗೆ ಕಾಯದೆ ಟ್ರಾಲಿಯ ಕೊಂಡಿ ಬಿಚ್ಚಿದ್ದ. ಬರೀ ಟ್ರ್ಯಾಕ್ಟರಿನಲ್ಲಿ ಆತ ಮತ್ತು ಮೈದುನ, ಒಂದು ಹಗ್ಗ, ಒಂದು ಕುಡಗೋಲು.

“ಇಪ್ಪತ್ತು ನಿಮಿಷ,” ಎಂದೆ. “ಸಿಕ್ಕರೂ ಸಿಗದಿದ್ದರೂ ತಿರುಗಿ ಬರಬೇಕು. ತಿರುಗಿ ಹೇಳು.”

“ಇಪ್ಪತ್ತು ನಿಮಿಷ. ಸಿಕ್ಕರೂ ಸಿಗದಿದ್ದರೂ,” ಎಂದ ಆತ. ಆ ಹೊತ್ತಿನಲ್ಲಿ ಅವನೂ ತಮಾಷೆ ಮಾಡಲಿಲ್ಲ.

ರೈತನ ಹೆಂಡತಿ ಸೇತುವೆ ದಾಟಲು ಒಪ್ಪಲಿಲ್ಲ. ಗಿರಣಿ ಅಕ್ಕ ಆಕೆಯ ರಟ್ಟೆ ಹಿಡಿದು, “ನಡಿ ಬೇ. ಅಂವ ಬಂದ ಮ್ಯಾಲ ನಿನ್ನ ಹುಡುಕಾಕ ಇನ್ನೊಂದು ಟ್ರ್ಯಾಕ್ಟರ್ ಎಲ್ಲಿಂದ ತರೂಣು?” ಎಂದು ಎಳೆದುಕೊಂಡು ಹೋದಳು. ನಾನು ಈಚೆಯ ದಂಡೆಯಲ್ಲಿ, ಸೇತುವೆಯ ಬಾಯಲ್ಲಿ ನಿಂತು ಗೆರೆ ನೋಡುತ್ತಿದ್ದೆ. ನಾಲ್ಕು ಬೆರಳು. ಹದಿನೈದನೆಯ ನಿಮಿಷಕ್ಕೆ ಮೂರು. ಹದಿನೆಂಟಕ್ಕೆ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಮೇಲೆ ಮೂರು ತಲೆಗಳಿದ್ದವು. ನಾನೂ ಹತ್ತಿದೆ, ಗೆರೆ ಮುಟ್ಟುವ ಮೊದಲೇ ಸೇತುವೆ ದಾಟಿದೆವು.

ಕಿತ್ತ ಪೈಪಿಗೂ ಕಲ್ಲಿಗೂ ನಡುವೆ ಅವನ ಕಾಲು ಸಿಕ್ಕಿಕೊಂಡಿತ್ತು. ಮೈದುನ ಹಗ್ಗ ಹಾಕಿ ಪೈಪು ಎಳೆದಾಗ ನೀರು ಅವನ ಎದೆಮಟ್ಟ ಬಂದಿತ್ತಂತೆ. ಎಷ್ಟು ಕೂಗಿದರೂ ನದಿಯ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಪಾದ ಊದಿ ದಪ್ಪಗಾಗಿತ್ತು. ಒಂದು ಕೈಯಲ್ಲಿ ಫುಟ್‌ವಾಲ್ವ್ ಹಾಗೇ ಇತ್ತು.

ಆಚೆ ದಂಡೆಯಲ್ಲಿ ಹೆಂಡತಿ ಅವನನ್ನು ಬೈದಳು. ಬಹಳ ಹೊತ್ತು ಬೈದಳು. ಎಲ್ಲವನ್ನೂ ಕೇಳಿಸಿಕೊಂಡು ಅವನು ನನ್ನ ಕಡೆ ತಿರುಗಿದ.

“ಮಾಸ್ತರ್ರ, ಎಲ್ಲಾರೂ ಬಂದಾನ ಅಂದ್ರಂತ. ನೀವು ಒಬ್ರೇ ಇಲ್ಲ ಅಂದ್ರಂತ. ನನ್ನ ಮ್ಯಾಲ ಅಷ್ಟೊಂದು ಅಪನಂಬಿಗೇನ್ರಿ?”

“ನಿನ್ನ ಮ್ಯಾಲಲ್ಲ. ಮೊಳಿ ಮ್ಯಾಲ ನಂಬಿಗಿ.”

ಅವನು ಕುಂಟುತ್ತ ಅಕ್ಕನ ಬಳಿ ಹೋದ. ಹಲಗೆ ಆಕೆಯ ತೊಡೆಯ ಮೇಲಿತ್ತು. ಕೊರಳಿನ ಬಿಲ್ಲೆ ತೆಗೆದು ತಾನೇ ಹದಿನಾಲ್ಕನೆಯ ಮೊಳೆಗೆ ಹಾಕಿದ. ಅಕ್ಕ ಬೆರಳಿಟ್ಟು ಮೊದಲಿನಿಂದ ಕೊನೆಯವರೆಗೆ ಎಣಿಸಿದಳು. ಅವನು ಕಣ್ಣೆದುರೇ ನಿಂತಿದ್ದರೂ ಎಣಿಸಿದಳು.

“ಇಪ್ಪತ್ಮೂರಕ್ಕ ಇಪ್ಪತ್ಮೂರು. ದಂಡಿ ಖಾಲಿ.”

“ದಂಡಿ ಖಾಲಿ,” ಎಂದು ನಾನು ತಿರುಗಿ ಹೇಳಿ, ಹನ್ನೆರಡೂ ನಲವತ್ತೈದು ಎಂದು ಬರೆದುಕೊಂಡೆ.

ನೀರು ಮೂರು ದಿನ ಊರಲ್ಲಿತ್ತು. ತಗ್ಗಿನ ಓಣಿಗಳ ಗೋಡೆಗಳು ಕುಸಿದವು, ಗಿರಣಿಯ ಬೆಲ್ಟಿಗೆ ಕೆಸರು ಮೆತ್ತಿತು. ಬಾವಿಗಳಿಗೆ ಔಷಧ ಹಾಕಿಸುವುದು, ರಾಡಿ ಬಳಿಯುವುದು, ಬಿದ್ದ ಮನೆಗಳ ಅರ್ಜಿ ಬರೆಸುವುದು ಇವೆಲ್ಲ ಎರಡು ತಿಂಗಳ ಕೆಲಸವಾಯಿತು. ಆದರೆ ಮೋಟರುಗಳು ಉಳಿದಿದ್ದವು. ನೀರಿಳಿದ ಎರಡನೆಯ ವಾರವೇ ಹಿಂಗಾರಿ ಬಿತ್ತನೆಗೆ ಮಾತು ಶುರುವಾಯಿತು. ಊರಿನವರು ನಮ್ಮ ಕೈಯಿಂದ ಕೆಲಸ ಕಿತ್ತುಕೊಂಡು ತಾವೇ ಮಾಡತೊಡಗಿದರು.

ಜೇವರ್ಗಿ ತಾಲ್ಲೂಕಿನ ದಂಡೆಯ ಒಂದು ಊರಿನವರು ತಮಗೂ ಬಿಲ್ಲೆ ಬೇಕೆಂದು ಕರೆದಾಗ ನಾನು ಗಿರಣಿ ಅಕ್ಕನನ್ನು ಕರೆದುಕೊಂಡು ಹೋದೆ. ಹದಿನಾಲ್ಕನೆಯವನು ಕರೆಯದೇ ಬಂದ. ಅಲ್ಲಿಯ ಒಬ್ಬ ರೈತ ಎದ್ದು ನಿಂತು, “ಮೋಟರ್ ತೆಗ್ಯಾಕ ಚೀಟಿ ಯಾಕ್ರಿ, ನಮ್ಮ ಹೊಳಿ ನಮಗ ಗೊತ್ತಿಲ್ಲೇನು?” ಎಂದಾಗ ನಾನು ಬಾಯಿ ತೆರೆಯುವ ಮೊದಲೇ ಇವನು ಧೋತರ ಎತ್ತಿ ಪಾದದ ಗಾಯ ತೋರಿಸಿದ. “ಗೊತ್ತದ ಅಣ್ಣಾ. ನನಗೂ ಗೊತ್ತಿತ್ತು,” ಎಂದ. ಆ ಸಭೆಯಲ್ಲಿ ನಾನು ನಿಯಮ ಓದುವ ಪ್ರಸಂಗವೇ ಬರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ನದಿ ಮತ್ತೆ ಬತ್ತಿತು. ಒಂದು ಬೆಳಿಗ್ಗೆ ತಾಲ್ಲೂಕು ಕಚೇರಿಯಿಂದ ಸುದ್ದಿ ಬಂತು: ಕೆಳಗಿನ ಊರುಗಳಿಗಾಗಿ ಸೊನ್ನದಿಂದ ಸ್ವಲ್ಪ ನೀರು ಹರಿಸುತ್ತಾರೆ. ಪ್ರವಾಹವಲ್ಲ, ಒಳ್ಳೆಯ ಸುದ್ದಿ. ನಾನು ಗಿರಣಿಗೆ ಫೋನು ಮಾಡಿದೆ. ಗಿರಣಿಯ ಸದ್ದು ನಿಂತಿತು.

“ಸೊನ್ನದಿಂದ ನೀರು ಬಿಡ್ತಾರ,” ಎಂದೆ.

“ಯಾವ ಮಾತ್ರಿ? ಮೋಟರ್ ಮಾತೋ, ಮಂದಿ ಮಾತೋ?”

“ಎರಡೂ ಅಲ್ಲವ್ವಾ. ಬರೇ ನೀರು.”

“ಬರೇ ನೀರು,” ಎಂದು ಆಕೆ ತಿರುಗಿ ಹೇಳಿದಳು. ಆ ಕಡೆ ಯಾರೋ ನಕ್ಕದ್ದು ಕೇಳಿಸಿತು. ಹಿಂದೆಯೇ ಮೊಳೆಯಿಂದ ತಗಡು ತೆಗೆದ ಸಣ್ಣ ಸದ್ದು.

“ಹದಿನಾಲ್ಕು ಹ್ವಾದ್ರಿ,” ಎಂದಳು ಅಕ್ಕ. “ಬರೇ ನೀರು ಅಂದ್ರೂ ಬಿಲ್ಲಿ ಒಯ್ದ. ಬರ್ಕೋರಿ.”

ಬರೆದುಕೊಂಡೆ.